ಸವೆತದ ಸಾಕ್ಷ್ಯ: ಗಾಂಧಿ ಜನ್ಮಶತಾಬ್ದಿಯ ನಾಣ್ಯ, ನೋಟು, ಅಂಚೆಚೀಟಿ

ಗಾಂಧೀಜಿಯ ಜನ್ಮಶತಾಬ್ದಿಗೆಂದು 1969ರಲ್ಲಿ ಭಾರತ ಸರ್ಕಾರ 20 ಪೈಸೆ, 50 ಪೈಸೆ, 1 ರೂಪಾಯಿ ಮತ್ತು 10 ರೂಪಾಯಿಯ ನಾಲ್ಕು ನಾಣ್ಯಗಳನ್ನು ಹೊರಡಿಸಿತು. ಯಾವುದರ ಮೇಲೂ ಟಂಕಿಸಿದ ವರ್ಷವಿಲ್ಲ; ಇರುವುದು 1869–1948 ಎಂಬ ಬಾಳಿನ ಅವಧಿ ಮಾತ್ರ. ನಾಯಕರ ನೆನಪಿಗೆ ನಾಣ್ಯ ಹೊರಡಿಸುವ ಪರಿಪಾಠ ಸ್ವತಂತ್ರ ಭಾರತದಲ್ಲಿ ಶುರುವಾದದ್ದು 1964ರಲ್ಲಿ, ನೆಹರೂ ತೀರಿಕೊಂಡಾಗ. ಅದು ಅಗಲಿಕೆಯ ನಾಣ್ಯವಾಗಿತ್ತು. ಗಾಂಧಿ ನಾಣ್ಯ ಹುಟ್ಟಿನ ನೂರನೆಯ ವರ್ಷದ್ದು.

ಸಂಗ್ರಹಕಾರರ ಲೋಕದಲ್ಲಿ ಕೈತಾಗದ ನಾಣ್ಯಕ್ಕೇ ಬೆಲೆ. ಇತಿಹಾಸಕಾರರು ಈ ಅಳತೆಗೋಲನ್ನು ಒಪ್ಪಬೇಕಿಲ್ಲ. ಸ್ಮಾರಕ ವಸ್ತುವೊಂದು ಜನರ ನಡುವೆ ಬದುಕಿತೇ ಎಂಬುದಕ್ಕೆ ಅದರ ಸವೆತವೇ ಆಧಾರ ಎಂಬುದು ಈ ಲೇಖನದ ವಾದ.

ನಾಲ್ಕು ನಾಣ್ಯಗಳ ಲೋಹವನ್ನೇ ನೋಡೋಣ. 10 ರೂಪಾಯಿಯದು 15 ಗ್ರಾಂ ತೂಕದ, ಶೇ. 80ರಷ್ಟು ಬೆಳ್ಳಿಯ ನಾಣ್ಯ; ಅಂದರೆ ಒಂದೊಂದರಲ್ಲೂ 12 ಗ್ರಾಂ ಬೆಳ್ಳಿ. ಇಂಥದ್ದು ಸಂತೆಯಲ್ಲಿ ಕೈ ಬದಲಿಸುವ ಹಣವಾಗಲಾರದು, ಜತನವಾಗಿ ಎತ್ತಿಡುವ ಒಡವೆಯಾಗುತ್ತದೆ. 1 ರೂಪಾಯಿ ಮತ್ತು 50 ಪೈಸೆಯವು ನಿಕ್ಕಲ್ಲಿನವು, ಬಳಕೆಗೆಂದೇ ಮಾಡಿದವು. ಹಳದಿ ಛಾಯೆಯ 20 ಪೈಸೆಯಂತೂ ನಾಲ್ಕರಲ್ಲಿ ಅತಿ ಕಡಿಮೆ ಬೆಲೆಯದು, ಕಡುಬಡವರ ಕೈಗೂ ಎಟುಕುವಂಥದ್ದು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳೆಲ್ಲ ಚಲಾವಣೆ ಕಳೆದುಕೊಂಡಾಗ ಇದೂ ಹಣವಾಗಿ ಉಳಿಯಲಿಲ್ಲ. ಮೂಗು, ಕಿವಿಗಳ ಗೆರೆ ಅಳಿಸಿಹೋದ 20 ಪೈಸೆಯೊಂದನ್ನು ಹೊಳೆಯುವ ಬೆಳ್ಳಿ ನಾಣ್ಯಕ್ಕಿಂತ ದೊಡ್ಡ ದಾಖಲೆಯೆಂದೇ ನಾನು ಎಣಿಸುತ್ತೇನೆ.

ಭಾರತದ ನೋಟಿನ ಮೇಲೆ ಗಾಂಧೀಜಿ ಮೊದಲ ಬಾರಿಗೆ ಕಾಣಿಸಿಕೊಂಡದ್ದೂ ಇದೇ ಶತಾಬ್ದಿಯಲ್ಲಿ. ರಿಸರ್ವ್ ಬ್ಯಾಂಕಿನ 2, 5, 10 ಮತ್ತು 100 ರೂಪಾಯಿಯ ನೋಟುಗಳಲ್ಲಿ ಅವರು ಕುಳಿತಿದ್ದಾರೆ, ಹಿಂದೆ ಸೇವಾಗ್ರಾಮದ ಆಶ್ರಮವಿದೆ. 1 ರೂಪಾಯಿಯ ನೋಟು ಮಾತ್ರ ಬೇರೆ ದಾರಿ ಹಿಡಿಯಿತು: ಅದರಲ್ಲಿ ಅಚ್ಚಾದದ್ದು ಶತಾಬ್ದಿಯ ನಾಣ್ಯದ ಚಿತ್ರ. ಗವರ್ನರ್ ಎಲ್.ಕೆ. ಝಾ ಅವರ ಸಹಿಯ ನೋಟುಗಳ ಬೆನ್ನಿಗೆ ಬಿ.ಎನ್. ಅದರ್ಕರ್ ಸಹಿಯವೂ ಬಂದವು. ಸಂಗ್ರಹಕಾರರು ಇಂದಿಗೂ ಇವೆರಡನ್ನು ಬೇರೆ ಬೇರೆಯಾಗಿ ಹುಡುಕುತ್ತಾರೆ.

ಅಂಚೆಚೀಟಿಯ ಕಥೆ ಇನ್ನೂ ಹಿಂದಿನದು. 1948ರ ಆಗಸ್ಟ್ 15ರಂದು ಬಂದ, ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿತವಾದ ನಾಲ್ಕು ಚೀಟಿಗಳಲ್ಲಿ ‘ಬಾಪು’ ಎಂಬ ಹೆಸರು ಹಿಂದಿ, ಉರ್ದು ಎರಡರಲ್ಲೂ ಇತ್ತು. ದೇಶ ಇಬ್ಭಾಗವಾದ ಮರುವರ್ಷವೇ ಈ ಎರಡು ಲಿಪಿಗಳು ಒಟ್ಟಿಗೆ ನಿಂತದ್ದು ಚಿಕ್ಕ ಮಾತಲ್ಲ. ಶತಾಬ್ದಿಯ ಹೊತ್ತಿಗೆ ಹಲವು ದೇಶಗಳು ಕೈಜೋಡಿಸಿದವು. 1969ರ ಆಗಸ್ಟ್ 13ರಂದು ಬ್ರಿಟನ್ ಹೊರಡಿಸಿದ ಚೀಟಿಯನ್ನು ರೂಪಿಸಿದವರು ಬಿಮನ್ ಮಲ್ಲಿಕ್ ಎಂಬ ಭಾರತೀಯ ಮೂಲದ ಕಲಾವಿದರು. ಯಾವ ಸಾಮ್ರಾಜ್ಯದ ಸೆರೆಮನೆಗಳಲ್ಲಿ ಗಾಂಧೀಜಿ ವರ್ಷಗಟ್ಟಲೆ ಕಳೆದರೋ ಅದರ ರಾಣಿಯ ಮುಖಮುದ್ರೆಯೊಂದಿಗೇ ಅವರ ಚಿತ್ರ ಬ್ರಿಟಿಷರ ಮನೆಮನೆಗೆ ಹೋಯಿತು.

ಶತಾಬ್ದಿಯ ನಂತರ ಆ ಚಿತ್ರ ಮತ್ತೆ ನೋಟಿಗೆ ಬಂದದ್ದು 1987ರಲ್ಲಿ, 500 ರೂಪಾಯಿಯ ಮೇಲೆ. 1996ರ ಮಹಾತ್ಮಾ ಗಾಂಧಿ ಸರಣಿಯಿಂದ ಅದು ಕಾಯಂ ಆಯಿತು. ಅದೇ ವರ್ಷ ಮೈಸೂರಿನ ನೋಟು ಮುದ್ರಣಾಲಯ ಕೆಲಸ ಆರಂಭಿಸಿದ್ದರಿಂದ, ನಮ್ಮ ಕೈಗೆ ಬರುವ ಎಷ್ಟೋ ನೋಟುಗಳು ಕನ್ನಡ ನಾಡಿನಲ್ಲೇ ಅಚ್ಚಾಗುತ್ತವೆ.

2019ರ ಅಕ್ಟೋಬರ್ 2ರಂದು ಸಾಬರಮತಿಯಲ್ಲಿ ಬಿಡುಗಡೆಯಾದ 150 ರೂಪಾಯಿಯ ನಾಣ್ಯವಾದರೋ ಚಲಾವಣೆಗೆ ಬಂದದ್ದಲ್ಲ. ಅದಕ್ಕೆ ಸವೆಯುವ ಅವಕಾಶವೇ ಇಲ್ಲ. ನಮ್ಮ ವಸ್ತುಸಂಗ್ರಹಾಲಯಗಳು ಇಂಥವನ್ನು ಇಟ್ಟುಕೊಳ್ಳಲಿ. ಜೊತೆಗೆ ಹಳೆಯ ಚೀಲ, ಹುಂಡಿ, ಗಲ್ಲಾಪೆಟ್ಟಿಗೆಗಳಿಂದ ಬಂದ ಮಾಸಲು 20 ಪೈಸೆಗಳನ್ನೂ ಸೇರಿಸಿಕೊಂಡು, ಪ್ರತಿಯೊಂದರ ತೂಕ, ಸವೆತ ಮತ್ತು ಸಿಕ್ಕಿದ ಊರನ್ನು ಪಟ್ಟಿಯಲ್ಲಿ ನಮೂದಿಸಬೇಕು.