ಸೊಂಟದ ಪಿಸ್ತೂಲು: ಹೊಸ ಒರೆಗೆ ಹೊಂದಿಕೊಳ್ಳುವ ಮುನ್ನ

ಆತ್ಮರಕ್ಷಣೆಗೆಂದು ಪರವಾನಗಿ ಪಡೆದ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡಲು ಕಾನೂನಿನ ಅನುಮತಿಯಿಲ್ಲ. ಕೇಂದ್ರ ಸರ್ಕಾರದ ಶಸ್ತ್ರಾಸ್ತ್ರ ನಿಯಮಗಳು-2016ರ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಹೋಲ್‌ಸ್ಟರ್ ಎಂದು ಕರೆಯಲಾಗುವ ಒರೆಯಲ್ಲಿ ಇಲ್ಲವೇ ಅಂಥದೇ ಚೀಲದಲ್ಲಿರಬೇಕು. ಅದು ಪೂರ್ತಿಯಾಗಿ ಮುಚ್ಚಿರಬೇಕು ಮತ್ತು ಒಯ್ಯುವವರ ಹಿಡಿತದಲ್ಲಿರಬೇಕು. ಆದ್ದರಿಂದ ಬಾಯಿ ತೆರೆದ ಹೊರ ಒರೆಗೆ ಒಗ್ಗಿದವರು ಅಂಗಿಯ ಮರೆಯ ಒಳ ಒರೆಗೆ ಹೊಂದಿಕೊಳ್ಳಬೇಕಾಗುತ್ತದೆ. ಈ ಬದಲಾವಣೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ.

ಬಗೆಗಳು

ಬೆಲ್ಟಿನ ಹೊರಗೆ ಕಟ್ಟುವುದು, ಪ್ಯಾಂಟಿನ ಒಳಬದಿಗೆ ಸಿಕ್ಕಿಸುವುದು, ಕಂಕುಳಡಿ ತೂಗುಹಾಕುವುದು, ಕಣಕಾಲಿಗೆ ಬಿಗಿಯುವುದು ಇವು ಒರೆಯ ಮುಖ್ಯ ಬಗೆಗಳು. ಒಳಬದಿಯ ಒರೆ ಚೆನ್ನಾಗಿ ಮರೆಯಾಗುತ್ತದೆ. ಆದರೆ ಪಿಸ್ತೂಲಿನ ನಳಿಗೆ ತೊಡೆ ಅಥವಾ ಕಿಬ್ಬೊಟ್ಟೆಗೆ ತೀರ ಹತ್ತಿರವಿರುತ್ತದೆ. ಹೊರ ಒರೆಯಲ್ಲಿ ಹೇಗೋ ಸಾಗುತ್ತಿದ್ದ ಅಜಾಗರೂಕತೆ ಇಲ್ಲಿ ಪ್ರಾಣಕ್ಕೇ ಎರವಾದೀತು.

ಆಯುಧದ ಗಾತ್ರವೂ ಮುಖ್ಯ. ಕಾನಪುರದ ಫೀಲ್ಡ್ ಗನ್ ಕಾರ್ಖಾನೆ 2014ರಲ್ಲಿ ಹೊರತಂದ .32 ಬೋರಿನ ‘ನಿರ್ಭೀಕ್’ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ ತೂಗುತ್ತದೆ. ರಿವಾಲ್ವರಿನ ಗುಂಡುಗಳಿರುವ ಉರುಳೆ ದಪ್ಪವಾದ್ದರಿಂದ ಅಂಗಿಯಡಿ ಉಬ್ಬಿ ಕಾಣುತ್ತದೆ. ಚಪ್ಪಟೆಯಾದ ಪಿಸ್ತೂಲಿಗೆ ಈ ತೊಡಕು ಕಡಿಮೆ.

ರೂಢಿ ಮಾಡಿಕೊಳ್ಳುವ ಬಗೆ

ಒರೆ ಆಯಾ ಮಾದರಿಯ ಆಯುಧಕ್ಕೆಂದೇ ತಯಾರಾಗಿರಬೇಕು. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಹಳೆಯ ಚರ್ಮದ ಒರೆಯ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡರೆ, ಪಿಸ್ತೂಲನ್ನು ಮರಳಿ ಇಡುವಾಗ ಆ ಮಡಿಕೆಯೇ ಟ್ರಿಗರನ್ನು ಒತ್ತಿಬಿಡಬಹುದು. ಅಂಗಿಯ ಅಂಚು ಸಿಕ್ಕಿಕೊಂಡರೂ ಇದೇ ಅಪಾಯ. ಮರಳಿ ಇಡುವಾಗ ಅವಸರ ಸಲ್ಲದು, ಕಣ್ಣಿಟ್ಟು ನೋಡಿಯೇ ಇಡಬೇಕು.

ಮೊದಲ ಕೆಲವು ದಿನ ಗುಂಡು ತೆಗೆದ, ಎರಡೆರಡು ಬಾರಿ ಪರೀಕ್ಷಿಸಿದ ಆಯುಧದೊಂದಿಗೆ ಮನೆಯಲ್ಲೇ ಅಭ್ಯಾಸ ಮಾಡುವುದು ಕ್ಷೇಮ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಕುರ್ಚಿಯಲ್ಲಿ ಕುಳಿತು, ಬಗ್ಗಿ, ಬೈಕ್ ಏರಿ ಇಳಿದು ಒರೆ ಕದಲುವುದೇ ಎಂದು ನೋಡಬೇಕು. ಗಟ್ಟಿಯಾದ ಬೆಲ್ಟ್ ಇಲ್ಲದಿದ್ದರೆ ತೂಕಕ್ಕೆ ಒರೆ ವಾಲುತ್ತದೆ. ಒರೆ ಸರಿಯಾಗಿದೆಯೇ ಎಂದು ಜನರ ನಡುವೆ ಪದೇಪದೇ ಮುಟ್ಟಿ ನೋಡುವ ಚಾಳಿಯನ್ನೂ ಬಿಡಬೇಕು. ಮರೆಯಲ್ಲಿದ್ದ ಆಯುಧವನ್ನು ಊರಿಗೆಲ್ಲ ಸಾರುವುದು ಆ ಕೈಯೇ.

ಉರುಸಿಗೆ ಸಲ್ಲದು

ಒರೆ ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲೆಡೆಗೆ ರಹದಾರಿಯಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಮತ್ತು ಶಾಲಾ ಕಾಲೇಜು ಆವರಣಗಳಿಗೆ ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಆಯುಧ ಒಯ್ಯಕೂಡದು ಎಂಬುದು ಪರವಾನಗಿಯ ಷರತ್ತುಗಳಲ್ಲೊಂದು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನೇ ನೋಡಬಹುದು. ಇಲ್ಲಿನ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಜಾತಿ ಮತಗಳ ಭೇದವಿಲ್ಲದೆ ಭಕ್ತರು ಬರುತ್ತಾರೆ. ಉರುಸಿನ ದಿನಗಳಲ್ಲಿ ಭುಜಕ್ಕೆ ಭುಜ ತಾಗುವ ನೂಕುನುಗ್ಗಲು. ಅಂಥಲ್ಲಿ ಸೊಂಟದ ಆಯುಧದ ಮೇಲೆ ಹಿಡಿತ ಉಳಿಯುವುದು ಕಷ್ಟ. ಅದು ಜಾರಿ ಬೀಳಬಹುದು, ಕಳ್ಳರ ಪಾಲಾಗಬಹುದು, ಮಗ್ಗುಲಲ್ಲಿರುವ ಮಗುವಿಗೂ ಕಂಟಕವಾಗಬಹುದು.

2019ರ ತಿದ್ದುಪಡಿಯ ಬಳಿಕ, ನಿರ್ಲಕ್ಷ್ಯದಿಂದ ಬಂದೂಕು ಬಳಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಉರುಸಿಗೆ ಹೊರಟವರಿಗೆ ಯಾವ ಒರೆ ಎಂಬ ಪ್ರಶ್ನೆಯೇ ಏಳಬಾರದು. ಆ ದಿನ ಪಿಸ್ತೂಲಿನ ಜಾಗ ಮನೆಯ ಬೀಗದ ಪೆಟ್ಟಿಗೆ.