ಗಂಜ್‌ನ ತಕ್ಕಡಿ ಮತ್ತು ಶ್ರಾವಕಧರ್ಮ

ಕಲಬುರಗಿಯ ನೆಹರು ಗಂಜ್ ತೊಗರಿ ವ್ಯಾಪಾರಕ್ಕೆ ಹೆಸರಾದ ಪೇಟೆ. ‘ಗಂಜ್’ ಎಂಬ ಪಾರಸಿ ಶಬ್ದಕ್ಕೆ ನಿಧಿ, ಭಂಡಾರ ಎಂಬುದು ಮೂಲಾರ್ಥ. ಆದರೆ ಪೇಟೆಯ ನಿಜವಾದ ನಿಧಿ ಯಾವುದು? ಧಾನ್ಯವೋ, ಹಣವೋ, ವಿಶ್ವಾಸವೋ?

ಯುರೋಪಿನ ಆಂಟ್ವರ್ಪ್ ನಗರದಲ್ಲಿ 1531ರಲ್ಲಿ ಎಲ್ಲ ದೇಶಗಳ ವರ್ತಕರಿಗಾಗಿ ಒಂದು ವಿನಿಮಯ ಭವನ ಕಟ್ಟಲ್ಪಟ್ಟಿತು. ನಾಲ್ಕೂ ಕಡೆ ಕಮಾನುಗಳ ಮೊಗಸಾಲೆ, ನಡುವೆ ತೆರೆದ ಅಂಗಳ. ಕೊಳ್ಳುವವನೂ ಮಾರುವವನೂ ಎಲ್ಲರೆದುರು ಕೂಡಿದರೆ ಧಾರಣೆ ಗುಟ್ಟಾಗಿ ಉಳಿಯದು. ಇದೇ ಅಂತಹ ಕಟ್ಟಡಗಳ ತತ್ತ್ವ. ಗಂಜ್‌ನ ತತ್ತ್ವವೂ ಇದೇ.

ನಮ್ಮ ದೇಶದ ಪೇಟೆಗಳಲ್ಲಿ ಹಿಂದೆ ಈ ತತ್ತ್ವ ನಡೆಯುತ್ತಿರಲಿಲ್ಲ. ಅನೇಕ ಕಡೆ ದಲಾಲಿಯೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಗೊತ್ತುಮಾಡುತ್ತಿದ್ದರು. ಮಾಲಿನ ಒಡೆಯನಾದ ರೈತ ಎದುರಿಗೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಧರ್ಮಾದಾಯ, ತೂಕದ ಕಡಿತ ಮೊದಲಾದವು ಅವನ ಹಣದಿಂದಲೇ ಕಳೆಯುತ್ತಿದ್ದವು. ಈ ಅನ್ಯಾಯವನ್ನು ತಡೆಯಲು ಬೇರಾರ್ ಪ್ರಾಂತದಲ್ಲಿ 1897ರಲ್ಲಿ, ಕಲಬುರಗಿಯು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1930ರಲ್ಲಿ ಮಾರುಕಟ್ಟೆ ಕಾಯಿದೆಗಳು ಬಂದವು. 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿತು. 1966ರ ಕಾಯಿದೆ ಇಡೀ ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ ಒಂದೇ ಕಟ್ಟಳೆ ತಂದಿತು. ಬಟ್ಟೆಯ ಮರೆ ಹೋಗಿ ಬಹಿರಂಗ ಸವಾಲು ನಿಂತಿತು.

ಸರ್ಕಾರಗಳು ಇಷ್ಟು ತಡವಾಗಿ ಕಂಡ ದೋಷಗಳನ್ನು ನಮ್ಮ ಆಚಾರ್ಯರು ಬಹುಕಾಲದ ಹಿಂದೆಯೇ ಹೆಸರಿಸಿದ್ದರು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕೊಳ್ಳಲು ಒಂದು, ಮಾರಲು ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಅವುಗಳಲ್ಲೊಂದು. ಒಳ್ಳೆಯ ಮಾಲಿಗೆ ಹೀನ ಮಾಲನ್ನು ಬೆರೆಸುವುದು ಮತ್ತೊಂದು. ಕಳವು ಎಂದರೆ ಕನ್ನ ಹಾಕುವುದಷ್ಟೇ ಅಲ್ಲ, ತಕ್ಕಡಿಯ ಮುಂದೆಯೂ ಕಳವು ನಡೆಯುತ್ತದೆ ಎಂಬುದು ಇದರ ತಾತ್ಪರ್ಯ.

ಕಾಯಿದೆಗೂ ವ್ರತಕ್ಕೂ ಇರುವ ಅಂತರ ಇಲ್ಲಿದೆ. ಕಾಯಿದೆಗೆ ಸಾಕ್ಷಿ ಬೇಕು. ವ್ರತಕ್ಕೆ ಆತ್ಮವೇ ಸಾಕ್ಷಿ. ಧಾರಣೆ ಬಹಿರಂಗವಾದರೂ ಮುಳ್ಳು ನೆಟ್ಟಗೆ ನಿಲ್ಲುವ ಮುನ್ನ ಚೀಲ ಇಳಿಸಿದರೆ ಅದನ್ನು ಬಲ್ಲವನು ತೂಗಿದವನೊಬ್ಬನೇ.

ಬಸದಿಗಳ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಅಭಿಷೇಕದ ಕಲಶಗಳ ಸವಾಲನ್ನು ನಾವು ಸಭೆಯ ಮುಂದೆಯೇ ಕೂಗುತ್ತೇವೆ. ಬಂದ ಹಣದ ಲೆಕ್ಕವನ್ನೂ ಅದೇ ಸಭೆಯ ಮುಂದೆ ಓದುವುದು ಧರ್ಮ. ಗಂಜ್‌ನಲ್ಲಿ ತೆಗೆದುಹಾಕಿದ ಬಟ್ಟೆಯನ್ನು ಬಸದಿಯಲ್ಲಿ ಹೊದಿಸುವುದು ಶ್ರಾವಕರಿಗೆ ತರವಲ್ಲ.