ಚಿಂತೆಯ ಹೆಸರು ಹೊತ್ತ ಹುಣ್ಣು

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಮುಲುಂಡಿನ ನೆಲದ ಮೇಲೆಯೇ ಹಾದುಹೋಯಿತು. ಪಶ್ಚಿಮಕ್ಕೆ ಗುಡ್ಡಗಾಡು, ಪೂರ್ವಕ್ಕೆ ಉಪ್ಪಿನಾಗರ, ನಡುವೆ ಒಂದು ಹಳ್ಳಿ. 1922ರ ಸುಮಾರಿಗೆ ಕ್ರೌನ್ ಮತ್ತು ಕಾರ್ಟರ್ ಎಂಬ ವಾಸ್ತುಶಿಲ್ಪಿಗಳು ಇಲ್ಲಿ ಚೌಕುಳಿ ಬೀದಿಗಳ ಬಡಾವಣೆಯ ನಕ್ಷೆ ಹಾಕಿದರು. 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ಹಿಗ್ಗಿದಾಗ ಮುಲುಂಡ್ ನಗರದ ಒಳಗೆ ಬಂತು. ಆಗ್ರಾ ರಸ್ತೆಯೆಂದು ಕರೆಸಿಕೊಳ್ಳುತ್ತಿದ್ದ, ಮುಂದೆ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗವಾದ ಹೆದ್ದಾರಿಯ ಬದಿಗೆ ಕಾರ್ಖಾನೆಗಳು ಎದ್ದವು. ಹೋಕ್ಸ್ಟ್, ಜಾನ್ಸನ್ ಅಂಡ್ ಜಾನ್ಸನ್‌ನಂಥ ಔಷಧ ಕಂಪನಿಗಳ ಹೆಸರು ಈ ಊರಿನ ಹೆಸರಿನೊಡನೆ ಬೆಸೆದುಕೊಂಡಿತು. ಪಾಳಿಯ ಸೈರನ್ ಕೂಗುವಲ್ಲಿ ಚಹಾ ಬೇಕು, ರೈಸ್ ಪ್ಲೇಟ್ ಬೇಕು. ಹಾಗೆ ಉಡುಪಿ, ಕುಂದಾಪುರ, ಮಂಗಳೂರು ಸೀಮೆಯವರ ಹೋಟೆಲುಗಳೂ ಉಪನಗರದ ಸ್ಟೇಷನ್ನುಗಳ ಬೆನ್ನು ಹತ್ತಿ ಬಂದವು.

ಆ ಹೋಟೆಲುಗಳ ಹಿಂಬದಿಯಲ್ಲಿ ಒಂದು ತಲೆಮಾರು ಬೆಳೆಯಿತು. ಮೀಸೆ ಮೂಡುವ ಮೊದಲೇ ಊರು ಬಿಟ್ಟ ಹುಡುಗರು. ಕಪ್ಪು-ಬಸಿ ತೊಳೆಯುವುದರಿಂದ ಮೊದಲಾಗಿ, ಟೇಬಲ್ ಒರೆಸಿ, ಮಾಣಿಯಾಗಿ, ಅದೃಷ್ಟ ಒಲಿದರೆ ಗಲ್ಲಾದ ತನಕ ಏರಿದವರು. ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ, ಸಂಜೆ ಬಿಡುವು ಸಿಕ್ಕವರು ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳ ಮೇಲೆ ನಿದ್ದೆ. ಮುಂಬಯಿ ಕನ್ನಡಿಗರ ಬದುಕು ಬರೆದವರು ಆ ದುಡಿಮೆಯನ್ನೂ ಆ ರಾತ್ರಿ ಶಾಲೆಗಳನ್ನೂ ಗೌರವದಿಂದ ನೆನೆದಿದ್ದಾರೆ. ಅವರ ಹೊಟ್ಟೆನೋವಿನ ಚರಿತ್ರೆಯನ್ನು ಮಾತ್ರ ಬೇರೆಯಾಗಿ ಬರೆದದ್ದನ್ನು ನಾನು ಕಂಡಿಲ್ಲ. ಬರೆಯಬೇಕಾದ ಚರಿತ್ರೆ ಅದು. ಏಕೆಂದರೆ ಅಂಥ ನೋವಿನ ವಿಷಯದಲ್ಲಿ ವೈದ್ಯಶಾಸ್ತ್ರವೇ ಸುಮಾರು ಅರ್ಧ ಶತಮಾನ ದಾರಿ ತಪ್ಪಿತ್ತು.

ಸಣ್ಣಕರುಳಿನ ಮೊದಲ ತುಂಡಿನಲ್ಲಿ ಹುಣ್ಣಾದರೆ ನೋವಿಗೆ ಒಂದು ನಿಯಮ ಇರುತ್ತದೆ. ಹೊಟ್ಟೆ ಖಾಲಿಯಾದಾಗ ಎದ್ದು, ಎರಡು ತುತ್ತು ಬಿದ್ದರೆ ಅಡಗುತ್ತದೆ. ರಾತ್ರಿ ಒಂದು-ಎರಡು ಗಂಟೆಗೆ ನಿದ್ದೆಯಿಂದ ಎಬ್ಬಿಸುತ್ತದೆ. ಕೆಲವು ವಾರ ಕಾಡಿ, ಕೆಲವು ತಿಂಗಳು ಮಾಯವಾಗಿ, ಮತ್ತೆ ಬರುತ್ತದೆ. ಸೋಡಾ ಪುಡಿ ನುಂಗಿದವನಿಗೆ ಗಳಿಗೆಯ ಸುಖ. ದವಾಖಾನೆಗೆ ಹೋದರೆ ಕಂಪೌಂಡರು ಬಾಟಲಿಗೆ ಮಿಕ್ಚರ್ ತುಂಬಿ, ಡೋಸಿನ ಗುರುತಿಗೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕಾಲ. ಅದರ ಜೊತೆಗೆ ಸಿಗುತ್ತಿದ್ದ ಬುದ್ಧಿಮಾತು ಎಲ್ಲ ಕಡೆಯೂ ಒಂದೇ: ಖಾರ ಬಿಡು, ಹೊತ್ತಿಗೆ ಸರಿಯಾಗಿ ಉಣ್ಣು, ಹಾಲು ಕುಡಿ, ಯೋಚನೆ ಮಾಡಬೇಡ. ಹದಿನಾರು ಗಂಟೆ ಒಲೆಯ ಮುಂದೆ ನಿಲ್ಲುವವನಿಗೆ ಹೊತ್ತಿಗೆ ಉಣ್ಣುವುದು ಅವನ ಕೈಯಲ್ಲಿರಲಿಲ್ಲ. ಊರಲ್ಲಿ ತಂಗಿಯ ಮದುವೆ, ಅಡವಿಟ್ಟ ಗದ್ದೆ ಎರಡೂ ತಲೆಯ ಮೇಲಿರುವವನಿಗೆ ಯೋಚನೆ ಬಿಡುವುದೂ ಕೈಯಲ್ಲಿರಲಿಲ್ಲ. ಹೀಗೆ ರೋಗದ ಜೊತೆಗೆ ರೋಗ ತಂದುಕೊಂಡ ಅಪವಾದವೂ ಅವನ ಪಾಲಿಗೇ ಬಂತು.

ಆ ವೈದ್ಯರನ್ನು ದೂರುವುದು ಸಲ್ಲ. ಅವರು ಓದಿದ ಪುಸ್ತಕ ಹಾಗೆಯೇ ಹೇಳುತ್ತಿತ್ತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಸಾರಿದ್ದರು. ಆಮ್ಲ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಚಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಉತ್ತರ ಒದಗಿಸಿದರು. 1950ರಲ್ಲಿ ಬಂದ ಅವರ ಗ್ರಂಥ ಏಳು ಕಾಯಿಲೆಗಳನ್ನು ಮನಸ್ಸಿನ ಒಳಜಗಳದ ಫಲವೆಂದು ಗುರುತಿಸಿತು. ಆಸ್ತಮಾ, ಸಂಧಿವಾತ, ರಕ್ತದೊತ್ತಡ, ಥೈರಾಯ್ಡ್ ಉಬ್ಬರದ ಸಾಲಿನಲ್ಲಿ ಹೊಟ್ಟೆಯ ಹುಣ್ಣೂ ಇತ್ತು. ಅಲ್ಸರ್ ಇರುವವನು ಒಳಗೊಳಗೆ ತಾಯಿಯ ಆಸರೆಗೆ ಹಂಬಲಿಸುವ, ಹೊರಗೆ ಅದನ್ನು ಒಪ್ಪದೆ ಗೆಲುವಿಗೆ ಹೆಣಗುವ ಸ್ವಭಾವದವನು ಎಂಬ ಚಿತ್ರ ಅಲ್ಲಿಂದ ಹರಡಿತು. 1958ರಲ್ಲಿ ಅಮೆರಿಕದ ಜೋಸೆಫ್ ಬ್ರೇಡಿ ಜೋಡಿ ಜೋಡಿ ಮಂಗಗಳನ್ನು ಕುರ್ಚಿಗೆ ಬಿಗಿದು ವಿದ್ಯುತ್ ಆಘಾತ ಕೊಟ್ಟು ನೋಡಿದರು. ಗುಂಡಿ ಒತ್ತಿ ಆಘಾತ ತಪ್ಪಿಸುವ ಹೊಣೆ ಹೊತ್ತ ಮಂಗಕ್ಕೆ ಹುಣ್ಣಾಯಿತು, ಸುಮ್ಮನೆ ಕುಳಿತದ್ದಕ್ಕೆ ಆಗಲಿಲ್ಲ. ಹೊಣೆಗಾರಿಕೆಯೇ ಹೊಟ್ಟೆ ಕೊರೆಯುತ್ತದೆ ಎಂಬ ನಂಬಿಕೆಗೆ ಮುದ್ರೆ ಬಿತ್ತು. ಚುರುಕಾಗಿ ಗುಂಡಿ ಒತ್ತುವ ಮಂಗಗಳನ್ನೇ ಮೊದಲೇ ಆರಿಸಿ ಹೊಣೆ ವಹಿಸಿದ್ದರೆಂಬ ದೋಷ ಬೆಳಕಿಗೆ ಬರುವಷ್ಟರಲ್ಲಿ ಆ ಕಥೆ ಪಠ್ಯಪುಸ್ತಕಗಳಲ್ಲಿ ಬೇರು ಬಿಟ್ಟಿತ್ತು.

ಹುಣ್ಣು ಕಂಡವನ ಗತಿ ಇದು. ಕಾಣದವನದು ಇನ್ನೂ ಕಷ್ಟ. ಎಂಡೋಸ್ಕೋಪ್ ಬರುವ ಮೊದಲು ಬೇರಿಯಂ ಗಂಜಿ ಕುಡಿಸಿ ಎಕ್ಸ್‌ರೇ ತೆಗೆಯುವುದೊಂದೇ ದಾರಿ. ಚಿಕ್ಕದಾದ, ಆಳವಿಲ್ಲದ ಹುಣ್ಣು ಅದರಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತಿತ್ತು. ಪಟದಲ್ಲಿ ಏನೂ ಇಲ್ಲ ಎಂದಾದರೆ ನರದೌರ್ಬಲ್ಯದ ಅಜೀರ್ಣ, ಅಂದರೆ ನೋವು ಹೊಟ್ಟೆಯಲ್ಲಿಲ್ಲ, ತಲೆಯಲ್ಲಿದೆ. ಕಂಡರೆ ಚಿಂತೆಯ ಹುಣ್ಣು, ಕಾಣದಿದ್ದರೆ ಬರೀ ಭ್ರಮೆ. ತೀರ್ಪು ಎರಡಾದರೂ ಆರೋಪಿ ಒಬ್ಬನೇ. ಚಾಳಿನ ಖೋಲಿಯಲ್ಲಿ ಸಂಸಾರ ತೂಗಿಸುವ ಹೆಂಗಸರ ಮಾತು ಇನ್ನೂ ಹಗುರವಾಯಿತು. ಅಲ್ಸರ್ ಗಂಡಸರ ಕಾಯಿಲೆಯೆಂದು ಪುಸ್ತಕ ಹೇಳಿದ್ದರಿಂದ, ಅವರ ನೋವು ತವರಿನ ನೆನಪೆಂದೋ ಗ್ಯಾಸೆಂದೋ ಕರೆಸಿಕೊಂಡು ಮುಗಿದುಹೋಗುವುದು ಸುಲಭವಿತ್ತು. ನಮ್ಮ ಹಳೆಯ ವೈದ್ಯರು ಇಲ್ಲಿ ಹೆಚ್ಚು ಜಾಗರೂಕರಾಗಿದ್ದರು ಎನ್ನಬೇಕು. ಮಾಧವನಿದಾನವೆಂಬ ಆಯುರ್ವೇದ ಗ್ರಂಥವು ಉಂಡ ಅನ್ನ ಜೀರ್ಣವಾಗುವ ಹೊತ್ತಿಗೆ ಏಳುವ ನೋವನ್ನು ಪರಿಣಾಮಶೂಲವೆಂದು, ಹೊತ್ತಿನ ಹಂಗಿಲ್ಲದೆ ಕಾಡುವುದನ್ನು ಅನ್ನದ್ರವಶೂಲವೆಂದು ಬೇರ್ಪಡಿಸಿ ಇಟ್ಟಿದೆ. ರೋಗಿ ಹೇಳಿದ ವೇಳೆಯನ್ನು ನಂಬಿದವರು ಮಾತ್ರ ಮಾಡಬಹುದಾದ ವಿಂಗಡಣೆ ಅದು.

ಚಿಂತೆಯ ಸಿದ್ಧಾಂತಕ್ಕೆ ಎದುರುಸಾಕ್ಷಿ ನಮ್ಮ ದಕ್ಷಿಣದಲ್ಲೇ ರಾಶಿ ಬಿದ್ದಿತ್ತು. ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಹೊವಾರ್ಡ್ ಸೋಮರ್ವೆಲ್ ಎಂಬ ಶಸ್ತ್ರವೈದ್ಯರಿದ್ದರು. 1922 ಮತ್ತು 1924ರ ಎವರೆಸ್ಟ್ ಯಾತ್ರೆಗಳಲ್ಲಿ ಪರ್ವತಾರೋಹಿ ಮ್ಯಾಲರಿಯ ಜೊತೆಗಿದ್ದವರು. ಮೊದಲ ಯಾತ್ರೆ ಮುಗಿಸಿ ದೇಶ ಸುತ್ತುವಾಗ ನೆಯ್ಯೂರಿನ ರೋಗಿಗಳ ಸಾಲು ಕಂಡು, ಲಂಡನ್ನಿನ ಭವಿಷ್ಯ ಬಿಟ್ಟು ಅಲ್ಲಿ ನೆಲೆಸಿದರು. ಕಚೇರಿಯ ಮೆಟ್ಟಿಲನ್ನೂ ಹತ್ತದ ಕೂಲಿಕಾರರ, ರೈತರ ಕರುಳುಹುಣ್ಣುಗಳು ಅವರ ಮೇಜಿಗೆ ಅಪಾರ ಸಂಖ್ಯೆಯಲ್ಲಿ ಬಂದವು. ಅದೇ ಕಾಲಕ್ಕೆ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ದೇಶದ ಬೇರೆಬೇರೆ ಸೀಮೆಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡುತ್ತಿದ್ದರು. ತಿರುವಾಂಕೂರಿನ ಬಡವರ ಮರಗೆಣಸಿನ ಊಟ ಉಂಡ ಇಲಿಗಳ ಹೊಟ್ಟೆಯಲ್ಲಿ ಹುಣ್ಣುಗಳಾದವು, ಪಂಜಾಬಿನ ಗೋಧಿ-ಹಾಲಿನ ಊಟದವು ಆರೋಗ್ಯವಾಗಿದ್ದವು. ಇಲಿಗೆ ಸಾಲದ ಚಿಂತೆಯಿಲ್ಲ.

ಆದರೆ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದವರು ಫ್ರಾಂಕ್ ಟೋವಿ. 1950ರ ದಶಕದ ಆರಂಭದಿಂದ 1967ರವರೆಗೆ ಅವರು ಮೈಸೂರಿನ ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರಾಗಿದ್ದರು. ಹುಣ್ಣು ಮಾಯ್ದು ಮಾಯ್ದು ಜಠರದ ಬಾಯಿ ಕಟ್ಟಿಹೋಗಿ, ನಿನ್ನೆ ಉಂಡದ್ದನ್ನು ಇಂದು ವಾಂತಿ ಮಾಡುವ ರೋಗಿಗಳನ್ನು ಅವರು ಕಂಡರು. ಈ ಜನರಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಅವರನ್ನು ಇಂಗ್ಲೆಂಡಿಗೆ ಮರಳಿದ ಮೇಲೂ ಬಿಡಲಿಲ್ಲ. ಭಾರತ, ಬಾಂಗ್ಲಾದೇಶಗಳ ಆಸ್ಪತ್ರೆಗಳ ಮಾಹಿತಿ ಕಲೆಹಾಕಿ 1979ರಲ್ಲಿ ಪ್ರಕಟಿಸಿದರು: ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವದಲ್ಲಿ ಕರುಳುಹುಣ್ಣು ಹೇರಳ, ತೌಡು ತೆಗೆಯದ ಗೋಧಿ ಮತ್ತು ಕಿರುಧಾನ್ಯ ಉಣ್ಣುವ ಕಡೆ ವಿರಳ. ಜೊತೆಗಾರರೊಡನೆ ನಡೆಸಿದ ಪ್ರಯೋಗಗಳಲ್ಲಿ ನಮ್ಮ ಹುರುಳಿಕಾಳಿನ ಜಿಡ್ಡಿನ ಅಂಶಕ್ಕೂ ಹುಣ್ಣನ್ನು ತಡೆಯುವ ಗುಣ ಕಂಡಿತು. ಮುಖ್ಯ ಕಾರಣ ಅವರ ಕೈಗೆ ಆಗ ಸಿಕ್ಕಿರಲಿಲ್ಲ. ಆದರೆ ಅದನ್ನು ರೋಗಿಯ ಸ್ವಭಾವದಲ್ಲಿ ಹುಡುಕದೆ ಅವನ ಊಟದ ತಟ್ಟೆಯಲ್ಲಿ, ಅವನ ನಾಡಿನ ಬೆಳೆಯಲ್ಲಿ ಹುಡುಕಿದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ಮುಖ್ಯ ಕಾರಣ ಹಿಂದೆಯೇ ಕೈಗೆ ಸಿಕ್ಕು ಜಾರಿಹೋಗಿತ್ತು. ಜಠರದಲ್ಲಿ ಸುರುಳಿ ಸೂಕ್ಷ್ಮಜೀವಿಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಒಬ್ಬಿಬ್ಬರು ನೋಡಿದ್ದರು. 1954ರಲ್ಲಿ ಎಡ್ಡಿ ಪಾಮರ್ ಎಂಬ ಅಮೆರಿಕದ ವೈದ್ಯ ಸಾವಿರಕ್ಕೂ ಹೆಚ್ಚು ಮಂದಿಯ ಜಠರದ ಚೂರು ಪರೀಕ್ಷಿಸಿ, ಅಂಥದ್ದೇನೂ ಇಲ್ಲ ಎಂದು ಬರೆದರು. ಅವರು ಬಳಸಿದ ಬಣ್ಣ ಆ ಜೀವಿಯನ್ನು ತೋರಿಸುವಂಥದ್ದಾಗಿರಲಿಲ್ಲ. ಗ್ರೀಸಿನ ಮಿಸ್ಸೊಲೊಂಗಿಯಲ್ಲಿ ಜಾನ್ ಲಿಕೌಡಿಸ್ ಎಂಬ ಸಾಮಾನ್ಯ ವೈದ್ಯ 1958ರಿಂದ ಅಲ್ಸರಿಗೆ ಆಂಟಿಬಯಾಟಿಕ್ ಕೊಟ್ಟು ಗುಣ ಕಂಡರು. ಪತ್ರಿಕೆಗಳು ಅವರ ಲೇಖನ ತಿರಸ್ಕರಿಸಿದವು, 1968ರಲ್ಲಿ ಅವರಿಗೆ 4,000 ದ್ರಾಕ್ಮಾ ದಂಡವೂ ಬಿತ್ತು. ಮಂಗದ ಕುರ್ಚಿಯೂ ಈ ಗ್ರೀಕ್ ವೈದ್ಯನ ಮಾತ್ರೆಯೂ ಒಂದೇ ವರ್ಷದವು. ಜಗತ್ತು ಮಂಗವನ್ನು ನಂಬಿತು.

1979ರಲ್ಲಿ ಆಸ್ಟ್ರೇಲಿಯಾದ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್, ಬೆಳ್ಳಿಯ ಬಣ್ಣ ಹಚ್ಚಿದ ಜಠರದ ಚೂರಿನಲ್ಲಿ ಆ ಸುರುಳಿಗಳನ್ನು ಮತ್ತೆ ಕಂಡರು. ಎರಡು ವರ್ಷದ ಮೇಲೆ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯ ಜೊತೆಗೂಡಿದರು. ಜೀವಿಯನ್ನು ಬೆಳೆಸುವ ಯತ್ನಗಳು ಒಂದರ ಮೇಲೊಂದು ಸೋತವು, ಏಕೆಂದರೆ ಎರಡೇ ದಿನಕ್ಕೆ ತಟ್ಟೆ ಎಸೆಯುವುದು ಪ್ರಯೋಗಾಲಯದ ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಹೆಚ್ಚು ದಿನ ಉಳಿದುಬಿಟ್ಟಿತು, ಜೀವಿ ಬೆಳೆದಿತ್ತು. ಅವರು ಪರೀಕ್ಷಿಸಿದ 100 ರೋಗಿಗಳಲ್ಲಿ ಕರುಳುಹುಣ್ಣು ಇದ್ದವರು 13. ಹದಿಮೂರು ಮಂದಿಯಲ್ಲೂ ಅದೇ ಸೂಕ್ಷ್ಮಜೀವಿ. ಆದರೂ ನಂಬುವವರಿಲ್ಲ. 1984ರಲ್ಲಿ ಮಾರ್ಷಲ್ ಆ ಜೀವಿಯ ದ್ರವವನ್ನು ತಾವೇ ಕುಡಿದು, ವಾಂತಿಯಿಂದ ನರಳಿ, ಹತ್ತನೆಯ ದಿನ ತಮ್ಮ ಜಠರ ಉರಿದು ಕೆಂಪಾದದ್ದನ್ನು ಎಂಡೋಸ್ಕೋಪಿಯಲ್ಲಿ ತೋರಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ಅದಕ್ಕೆ 1989ರಲ್ಲಿ ನಿಂತಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ ಒಪ್ಪಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಆ ಹೋಟೆಲ್ ಹುಡುಗರ ಕಡೆಗೆ ಮರಳಬೇಕು. ಪೈಲೋರಿ ಬಹುಮಟ್ಟಿಗೆ ಬಾಲ್ಯದಲ್ಲೇ ಅಂಟುತ್ತದೆ. ಒಂದೇ ಖೋಲಿಯಲ್ಲಿ ಹಲವರು, ಒಂದೇ ಚೊಂಬು, ನಂಬಲಾಗದ ನೀರು ಇರುವಲ್ಲಿ ಮನೆಯವರಿಂದ ಮನೆಯವರಿಗೆ ದಾಟುತ್ತದೆ. ನಮ್ಮ ದೇಶದ ದೊಡ್ಡವರಲ್ಲಿ ಬಹುಪಾಲು ಮಂದಿಯ ಹೊಟ್ಟೆಯಲ್ಲಿ ಅದು ಇದ್ದೇ ಇತ್ತು. ಊರಿನ ಬಡತನದಲ್ಲಿ ಸೇರಿದ ಜೀವಿಯನ್ನು ಹೊತ್ತುಕೊಂಡೇ ಅಂಥ ಮಕ್ಕಳು ಮುಂಬಯಿಯ ಬಸ್ಸೋ ಹಡಗೋ ಹತ್ತಿದರು. ಹೊತ್ತವರಿಗೆಲ್ಲ ಹುಣ್ಣಾಗುವುದಿಲ್ಲ, ಆಗುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಯಾರಿಗೆ ಎಂಬುದರಲ್ಲಿ ಊಟ, ಬೀಡಿ, ಜೀವಿಯ ತಳಿ ಎಲ್ಲದರ ಪಾಲಿದೆ. ಟೋವಿಯವರ ಅಕ್ಕಿ-ಗೋಧಿಯ ಪ್ರಶ್ನೆ ಈ ಜಾಗದಲ್ಲಿ ಇಂದಿಗೂ ಜೀವಂತವಾಗಿದೆ, ಏಕೆಂದರೆ ಪೈಲೋರಿ ದೇಶದ ತುಂಬ ಇದ್ದರೂ ಹುಣ್ಣು ಎಲ್ಲೆಡೆ ಒಂದೇ ಸಮ ಇರಲಿಲ್ಲ. ನೋವಿನ ಮಾತ್ರೆಗಳನ್ನು ಬಹುಕಾಲ ನುಂಗುವುದು ಹುಣ್ಣಿನ ಇನ್ನೊಂದು ದೊಡ್ಡ ಕಾರಣ. ಮನಸ್ಸಿನ ಒತ್ತಡಕ್ಕೂ ಒಂದಿಷ್ಟು ಪಾಲಿದೆ. 1995ರ ಕೋಬೆ ಭೂಕಂಪದ ಬಳಿಕ ರಕ್ತ ಸುರಿವ ಹುಣ್ಣುಗಳು ಹೆಚ್ಚಿದ್ದನ್ನು ಜಪಾನಿನ ವೈದ್ಯರು ದಾಖಲಿಸಿದ್ದಾರೆ. ಆದರೆ ಪಾಲಿರುವುದು ಬೇರೆ, ಇಡೀ ಅಪರಾಧವನ್ನು ಅದರ ತಲೆಗೆ ಕಟ್ಟಿ ರೋಗಿಯನ್ನು ಮನೆಗೆ ಕಳಿಸುವುದು ಬೇರೆ.

ಎಪ್ಪತ್ತರ ದಶಕದ ಕೊನೆಯವರೆಗೂ ದೊಡ್ಡ ಆಸ್ಪತ್ರೆಗಳ ಸರ್ಜರಿ ವಾರ್ಡುಗಳಲ್ಲಿ ಅಲ್ಸರ್ ಶಸ್ತ್ರಕ್ರಿಯೆ ದಿನನಿತ್ಯದ ಮಾತು. ಆಮ್ಲ ಸುರಿಸುವ ನರ ಕತ್ತರಿಸಿ ಜಠರಕ್ಕೂ ಕರುಳಿಗೂ ಹೊಸ ದಾರಿ ಹೊಲಿಯುತ್ತಿದ್ದರು, ಕೆಲವರ ಜಠರದ ಅರ್ಧಕ್ಕಿಂತ ಹೆಚ್ಚು ಭಾಗವನ್ನೇ ತೆಗೆಯುತ್ತಿದ್ದರು. 1976ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಮೆಟಿಡಿನ್, ಆ ಮೇಲೆ ರ‍್ಯಾನಿಟಿಡಿನ್, ಒಮೆಪ್ರಜೋಲ್ ಆಮ್ಲವನ್ನು ಕಟ್ಟಿಹಾಕಿದವು, ಬಿಟ್ಟರೆ ಹುಣ್ಣು ಮರಳುತ್ತಿತ್ತು. ತೊಂಬತ್ತರ ದಶಕದಲ್ಲಿ ಎರಡು ಆಂಟಿಬಯಾಟಿಕ್ ಮತ್ತು ಒಂದು ಆಮ್ಲನಿರೋಧಕದ ಕಿಟ್ ಮೆಡಿಕಲ್ ಅಂಗಡಿಗೆ ಬಂತು. ವಾರ, ಎರಡು ವಾರ ನುಂಗಿದವನಿಗೆ ಇಪ್ಪತ್ತು ವರ್ಷದ ನೋವು ನಿಂತಿತು. ಸಿಟ್ಟಿನವ, ಸಂಕಟದವ, ಯೋಚನೆಯ ಗೂಡು ಎಂದು ಅಲ್ಲಿಯ ತನಕ ಕರೆಸಿಕೊಂಡವನ ಸ್ವಭಾವ ಬದಲಾಗಿರಲಿಲ್ಲ. ಸಾಲವೂ ತೀರಿರಲಿಲ್ಲ.

ಕಿಟ್ ಬರುವ ಮೊದಲೇ ಕತ್ತಿಗೆ ಒಡ್ಡಿಕೊಂಡವರು ಈಗ ಎಪ್ಪತ್ತು-ಎಂಬತ್ತರ ಆಚೆಗಿದ್ದಾರೆ, ಮುಲುಂಡಿನ ಮಗನ ಫ್ಲ್ಯಾಟಿನಲ್ಲೋ ಊರಿಗೆ ಮರಳಿ ತೋಟದ ಮನೆಯಲ್ಲೋ. ಜಠರ ಕತ್ತರಿಸಿಕೊಂಡ ದೇಹ ಕಬ್ಬಿಣವನ್ನೂ ಬಿ-12 ಜೀವಸತ್ವವನ್ನೂ ಸರಿಯಾಗಿ ಹೀರಿಕೊಳ್ಳದು, ಮೂಳೆ ವರ್ಷ ಕಳೆದಂತೆ ಸವೆಯುತ್ತದೆ. ಟೋವಿಯವರು ಇಂಗ್ಲೆಂಡಿನಲ್ಲಿ ಇಂಥವರನ್ನು ದಶಕಗಳ ಕಾಲ ಹಿಂಬಾಲಿಸಿ ಈ ನಷ್ಟಗಳನ್ನು ಲೆಕ್ಕ ಹಾಕಿ ಬರೆದಿದ್ದಾರೆ. ಹೊಕ್ಕುಳ ಮೇಲೆ ಉದ್ದ ಗಾಯದ ಗುರುತಿರುವ ಹಿರಿಯರು ಕಾಲು ಜುಮ್ಮೆನ್ನುತ್ತದೆ, ಮಾತು ಮರೆಯುತ್ತದೆ, ಸುಸ್ತಾಗುತ್ತದೆ ಎಂದರೆ ಅದನ್ನು ವಯಸ್ಸಿನ ಚಿಂತೆ ಎಂದು ತಳ್ಳದೆ ರಕ್ತದ ಬಿ-12 ಪರೀಕ್ಷೆ ಮಾಡಿಸಬೇಕು. ಕೊರತೆಯಿದ್ದರೆ ಅದಕ್ಕೆ ಇಂಜೆಕ್ಷನ್ ಇದೆ.